ಅಂಜಲೈ ಕಟ್ಟದ ಮುಡಿ

ಬೇರೆ ಊರಲ್ಲಾದರೆ ಹೆಂಗಸೊಬ್ಬಳು ಕೂದಲು ಬಿಚ್ಚಿಕೊಂಡು ನಲ್ಲಿಗೆ ಬಂದರೆ, ಎಣ್ಣೆಸ್ನಾನ ಮಾಡಿರಬೇಕು ಅಂದುಕೊಂಡು ಜನ ಸುಮ್ಮನಾಗುತ್ತಾರೆ. ತಮಿಳು ಸೀಮೆಯ ಮರುದಂಪಾಕ್ಕದಲ್ಲಿ ಹಾಗೆ ಸುಮ್ಮನಾಗುವ ಹಾಗಿಲ್ಲ. ಅಲ್ಲಿಯ ಊರದೇವತೆ ದ್ರೌಪದಿಯಮ್ಮ. ಪ್ರತಿ ಚಿತ್ತಿರೈ ತಿಂಗಳಲ್ಲಿ ಹಗಲು ಭಾರತ ಓದಿಸಿ, ರಾತ್ರಿ ಬಯಲಾಟದಂಥ ಕೂತ್ತು ಆಡಿಸಿ, ಕಡೆಯ ದಿನ ಬೆಳಿಗ್ಗೆ ಬಯಲಿನಲ್ಲಿ ಮಲಗಿಸಿದ ಮಣ್ಣಿನ ದುರ್ಯೋಧನನ ತೊಡೆ ಒಡೆದು, ಅದರೊಳಗಿಂದ ಹರಿಯುವ ಕೆಂಪು ನೀರು ಮುಟ್ಟಿಸಿ ಅಮ್ಮನ ಮುಡಿ ಕಟ್ಟುತ್ತಾರೆ. ಅಂಥ ಊರಲ್ಲಿ ಅಂಜಲೈ ಕಳೆದ ವರ್ಷ ಬಿಚ್ಚಿದ ಕೂದಲನ್ನು ಮತ್ತೆ ಕಟ್ಟಿರಲಿಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಅವಳ ಗಂಡ ಏಳುಮಲೈ ಗಾರೆ ಕೆಲಸದವನು. ಕೂತ್ತಿನಲ್ಲಿ ದುಶ್ಶಾಸನನ ವೇಷ ಅವನ ಅಪ್ಪನ ಕಾಲದಿಂದ ಅವರ ಮನೆಗೇ ಸೇರಿದ್ದು. ಸೀರೆ ಎಳೆಯುವ ಆಟಕ್ಕೆ ಮುಂಚೆ ಅವನು ವ್ರತ ಹಿಡಿದು, ಒಪ್ಪೊತ್ತು ಉಂಡು, ಗುಡಿಯ ಹಜಾರದಲ್ಲಿ ಮಲಗುತ್ತಿದ್ದ. ಸೀರೆಗೆ ಕೈ ಹಾಕುವ ಮೊದಲು ಆಟ ನಿಲ್ಲಿಸಿ ಕರ್ಪೂರ ಹಚ್ಚಿ, "ತಾಯೀ, ಇದು ವೇಷದ ಕೈ, ನನ್ನ ಕೈಯಲ್ಲ, ತಪ್ಪು ಹೊಟ್ಟೆಗೆ ಹಾಕ್ಕೋ" ಅಂತ ಅಡ್ಡಬೀಳುವುದು ಪದ್ಧತಿ. ಅಡ್ಡಬೀಳುತ್ತಿದ್ದದ್ದು ದ್ರೌಪದಿ ವೇಷ ಹಾಕಿದ ಸೈಕಲ್ ಅಂಗಡಿಯ ಪಚ್ಚಯಪ್ಪನ್ ಕಾಲಿಗೆ. ಆದರೂ ಊರಿನ ಹೆಂಗಸರು ಅತ್ತೇ ಅಳುತ್ತಿದ್ದರು, ಅಂಜಲೈಯೂ ಅತ್ತಿದ್ದಳು.

ಕಳೆದ ವರ್ಷ ಹಬ್ಬ ಮುಗಿದ ವಾರ ಮೇಳದವರೆಲ್ಲ ಏಳುಮಲೈಯ ಜಗಲಿಯಲ್ಲಿ ಕೂತು ಒಣಮೀನಿನ ಸಾರು ಕಲಸಿಕೊಂಡು ಉಣ್ಣುತ್ತಿದ್ದರು. ಬಡಿಸುತ್ತಿದ್ದ ಅಂಜಲೈ ತಮಾಷೆಗೆ ಅಂದಳು, "ಆಟದಲ್ಲಿ ಕಿರುಚೋ ಕಿರುಚಿಗೆ ಬೇವಿನ ಮರದ ಕಾಗೆ ಎಲ್ಲಾ ಹಾರಿಹೋಗ್ತವೆ. ರೇಷನ್ ಅಂಗಡಿಯವ್ನು ಕಣ್ಣು ಬಿಟ್ರೆ ಮಾತ್ರ ಖಾಲಿ ಚೀಲ ಹಿಡ್ಕೊಂಡು ಮನೆಗೆ ಬರ್ತಾರೆ ನಮ್ಮ ದುಶ್ಶಾಸನರು."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಏಳುಮಲೈ ಎದ್ದ. ಎಂಜಲು ಕೈಯಲ್ಲೇ ಅವಳ ಮುಡಿ ಹಿಡಿದು, ಬೀದಿಯುದ್ದಕ್ಕೂ ನಲ್ಲಿಯ ಕಟ್ಟೆಯ ತನಕ ಎಳೆದುಕೊಂಡು ಹೋದ. ಕುಡಿದಿದ್ದ ಅನ್ನೋಣ ಅಂದರೆ ಅದೂ ಇಲ್ಲ. ಮೇಳದಲ್ಲಿ ಭೀಷ್ಮನಾಗುವವನೂ ದ್ರೋಣನಾಗುವವನೂ ಅಲ್ಲೇ ಇದ್ದರು, ಸಭೆಯಲ್ಲಿ ಕೂತ ಹಾಗೆಯೇ ತಟ್ಟೆ ನೋಡುತ್ತ ಕೂತರು. ಅಂಜಲೈ ಕಟ್ಟೆಯಿಂದ ಎದ್ದವಳು ನೇರ ಹಿಂದಿನ ಬೀದಿಯಲ್ಲಿದ್ದ ಅಣ್ಣನ ಮನೆಗೆ ಹೋದಳು.

ಈ ಸಲ ಹಬ್ಬ ಹತ್ತಿರ ಬಂದಂತೆ ಊರ ಹಿರಿಯರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳತೊಡಗಿದರು. ಅಮ್ಮನ ಮುಡಿ ಬಿಚ್ಚಿರುವಾಗ ಊರೊಳಗೆ ಇನ್ನೊಂದು ಮುಡಿಯೂ ಬಿಚ್ಚಿರಬಾರದು, ಅದನ್ನು ಕಟ್ಟಿಸಲು ಅಮ್ಮ ಯಾರ ರಕ್ತ ಕೇಳುತ್ತಾಳೋ ಏನೋ. ಅವರು ಭಾರತ ಓದಿ ಅರ್ಥ ಹೇಳುವ ಪುಲವರ್ ದೈವಸಿಗಾಮಣಿಯನ್ನು ಅಂಜಲೈ ಹತ್ತಿರ ಕಳಿಸಿದರು. ಪುಲವರ್ ಒಳ್ಳೆಯ ಮನುಷ್ಯರು. ಆದರೆ ನೀರು ಕೇಳಿದವನಿಗೂ ಗಂಗೆಯ ಅರ್ಥ ಹೇಳದೆ ಬಿಡುವವರಲ್ಲ.

"ನೋಡಮ್ಮಾ ಮಗಳೇ," ಅಂತ ಅವರು ಮಜ್ಜಿಗೆ ಲೋಟ ಕೆಳಗಿಟ್ಟು ಶುರು ಮಾಡಿದರು. "ದ್ರೌಪದಿ ಅಂದ್ರೆ ನಮ್ಮೊಳಗಿನ ಜೀವಶಕ್ತಿ. ಐದು ಜನ ಗಂಡಂದಿರು ಅಂದ್ರೆ ಪಂಚೇಂದ್ರಿಯ. ದುರ್ಯೋಧನ ಅಹಂಕಾರ, ದುಶ್ಶಾಸನ ಆ ಅಹಂಕಾರದ ಕೈ. ಮುಗೀದೆ ಇರೋ ಸೀರೆ ದೇವ್ರ ಕರುಣೆ. ಎಲ್ಲಾ ನಮ್ಮೊಳಗೇ ನಡೀತಿರೋ ಯುದ್ಧ. ಅಂದ್ಮೇಲೆ ಏಳುಮಲೈ ಅನ್ನೋ ಒಬ್ಬ ಮನುಷ್ಯನ ಮೇಲೆ ಯಾಕೆ ಇಷ್ಟು ಕೋಪ?"

"ಹಂಗಾದ್ರೆ ಐಯಾ, ನನ್ನ ಕೂದ್ಲು ಹಿಡಿದಿದ್ದು ಯಾರು?"

"ಅಹಂಕಾರ, ತಾಯೀ."

"ಅಹಂಕಾರಕ್ಕೆ ಉಗುರಲ್ಲಿ ಸಿಮೆಂಟ್ ಮೆತ್ಕೊಂಡಿರುತ್ತಾ? ನನ್ನ ನೆತ್ತಿ ಮೇಲೆ ಮೀನಿನ ಸಾರಿತ್ತು, ತೊಳೆದು ತೊಳೆದು ಸಾಕಾಯ್ತು. ಅದೂ ಅಹಂಕಾರದ್ದೇನಾ?"

ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತಿಗೆ ವಳ್ಳಿಯಮ್ಮಾಳ್ ಕಿಸಕ್ಕನೆ ನಕ್ಕಳು. ಪುಲವರ್ ಮೀಸೆ ತೀಡಿಕೊಂಡರು.

"ವರ್ಷಾವರ್ಷ ಅವನು ಅಮ್ಮನ ಮುಂದೆ ತಪ್ಪು ಕೇಳ್ತಾನಲ್ಲಮ್ಮಾ. ಈ ಸಲವೂ ವ್ರತ ಹಿಡಿದಿದ್ದಾನೆ, ಸೊರಗಿ ಕಡ್ಡಿ ಆಗಿದ್ದಾನೆ."

ಅಂಜಲೈಗೆ ಸಿಟ್ಟು ನೆತ್ತಿಗೇರಿತು. "ಏನಂತ ಕೇಳ್ತಾರೆ? ವೇಷದ ಕೈ, ನನ್ನ ಕೈಯಲ್ಲ ಅಂತ. ಪಚ್ಚಯಪ್ಪಣ್ಣನ ಸೀರೆ ಎಳೆದ್ರೆ ಅದು ವೇಷದ ಕೈ, ನಾನೂ ಒಪ್ಕೋತೀನಿ. ನನ್ನ ಎಳೆದಾಗ ಯಾವ ವೇಷ ಹಾಕಿದ್ರು? ಅದನ್ನ ಹೇಳ್ಲಿ. ಹೇಳಿದ ದಿನ ಮುಡಿ ಕಟ್ತೀನಿ, ಅವ್ರ ಮನೆಗೂ ಹೋಗ್ತೀನಿ. ಅಲ್ಲೀತನ್ಕ ಬಿಚ್ಚಿದ ಮುಡೀಲೇ ಸಾಯ್ತೀನಿ."

ಮನೆಗೆ ಹೋಗುವ ಆಸೆ ಅವಳಿಗೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಅವನು ಕಟ್ಟಿದ ಅಡುಗೆಮನೆ, ಅವಳು ನೆಟ್ಟ ನುಗ್ಗೆಮರ, ಸಂಜೆ ಅವನು ಕಾಲು ತೊಳೆಯುತ್ತ ಗುನುಗುವ ಕೂತ್ತಿನ ಪದ, ಎಲ್ಲವೂ ಬೇಕೆನಿಸುತ್ತಿತ್ತು. ಬೇಕೆನಿಸುತ್ತಿದ್ದದ್ದಕ್ಕೇ ಅವಳ ಹಟವೂ ಗಟ್ಟಿಯಾಗಿತ್ತು.

ಪುಲವರ್ ಅವತ್ತೇ ಗುಡಿಗೆ ಹೋಗಿ, ಒಂದು ಮಾತೂ ಬಿಡದೆ ಏಳುಮಲೈಗೆ ಹೇಳಿದರು. ಅರ್ಥ ಸೇರಿಸಲಿಲ್ಲ. ಅವರ ಜೀವಮಾನದಲ್ಲಿ ಅದೇ ಮೊದಲಿರಬೇಕು.

ಸೀರೆ ಎಳೆಯುವ ಆಟದ ದಿನ ಅಂಜಲೈ ಹೋಗಿ ಹೆಂಗಸರ ಸಾಲಿನ ಮುಂದೆ ಕೂತಳು. ಪಕ್ಕದವರು ಮಕ್ಕಳನ್ನು ಎಳೆದುಕೊಂಡು ಸ್ವಲ್ಪ ದೂರ ಸರಿದರು. ಮೂಡಣ ಬೆಳ್ಳಗಾಗುವ ಹೊತ್ತಿಗೆ ದುಶ್ಶಾಸನ ಪಚ್ಚಯಪ್ಪನ್ ಮುಂದೆ ನಿಂತು ಮದ್ದಳೆ ನಿಲ್ಲಿಸಿದ, ಕರ್ಪೂರ ಹಚ್ಚಿದ. "ತಾಯೀ, ಇದು ವೇಷದ ಕೈ" ಅಂದ. ಮಾತು ಮುಗಿಸುವ ಮೊದಲೇ ಅವನ ಕಣ್ಣು ಅಂಜಲೈಯ ಕೂದಲ ಮೇಲೆ ನಿಂತುಬಿಟ್ಟಿತ್ತು.

ಜನ ನೋಡುತ್ತಿದ್ದಂತೆ ಅವನು ಕರ್ಪೂರದ ತಟ್ಟೆ ಹಿಡಿದು, ಕಿರೀಟ ಅಲ್ಲಾಡಿಸುತ್ತ ಹೆಂಗಸರ ಸಾಲಿಗೆ ಬಂದ. ಅಂಜಲೈ ಮುಂದೆ ಮಂಡಿಯೂರಿದ. "ತಾಯೀ, ತಪ್ಪು ಹೊಟ್ಟೆಗೆ ಹಾಕ್ಕೋ" ಅಂದ. ಹೆಂಗಸರು ನಾಲಿಗೆ ಹೊರಳಿಸಿ ಕುಲವೆ ಕೂಗಿದರು, ಯಾರೋ ಮುದುಕಿ "ಅಮ್ಮಾ, ದ್ರೌಪದೀ" ಅಂತ ಅಂಜಲೈಗೇ ಕೈ ಮುಗಿದಳು. ಇದೇ ಸಾಕು ಅಂತ ಊರಿಗೆ ಊರೇ ಅಂದುಕೊಂಡಿತು.

"ನಾನು ನಿಮಗೆ ತಾಯಿಯಲ್ಲ," ಅಂದಳು ಅಂಜಲೈ, ಅವನಿಗಷ್ಟೇ ಕೇಳುವ ಹಾಗೆ. "ದುಶ್ಶಾಸನನ ಹತ್ರ ನನ್ನದೇನೂ ಜಗಳ ಇಲ್ಲ. ಆಟ ಮುಗಿಸಿ, ಮುಖ ತೊಳ್ಕೊಂಡು ಬನ್ನಿ ಮಾವಾ." ಮನೆಯಲ್ಲಿ ಗಂಡನನ್ನು ಅವಳು ಕರೆಯುತ್ತಿದ್ದದ್ದು ಹಾಗೆ.

ಅವನು ಎದ್ದುಹೋಗಿ ಆಟ ಮುಗಿಸಿದ.

ಬಿಸಿಲು ಅಂಗಳಕ್ಕೆ ಇಳಿಯುವಾಗ ಅವಳ ಅಣ್ಣನ ಮನೆಗೆ ಬಂದ. ಲುಂಗಿ, ತೇವದ ಅಂಗಿ, ಕಿವಿಯ ಹಿಂದೆ ತೊಳೆದರೂ ಹೋಗದ ಕೆಂಪು ಬಣ್ಣ. ಅಂಗಳದಲ್ಲಿ ನಿಂತ. ಹುಟ್ಟಿದಂದಿನಿಂದ ಗುರು ಕಲಿಸಿದ ಮಾತೇ ಆಡಿದವನು, ಸ್ವಂತ ಮಾತು ಎಲ್ಲಿಂದ ತರಬೇಕು? ಅಂಜಲೈ ಸಹಾಯ ಮಾಡಲಿಲ್ಲ.

"ನನ್ನ ಕೈಯೇ ಅದು, ಅಂಜಲೈ," ಅಂದ ಕಡೆಗೆ. "ಅವ್ರೆಲ್ಲ ನಕ್ರು. ನೀನು ಹೇಳಿದ್ದು ನಿಜ ಆಗಿತ್ತು, ಅದಕ್ಕೇ ಉರೀತು. ಎಳೀತಾ ಇದ್ದಾಗ್ಲೇ ಗೊತ್ತಿತ್ತು ತಪ್ಪು ಅಂತ. ಗೊತ್ತಿದ್ದೂ ನಲ್ಲೀತನ್ಕ ಎಳೆದೆ."

ಅಂಜಲೈ ಅತ್ತಳು. ಕೂತ್ತಿನಲ್ಲಿ ಅಳುವ ಹಾಗಲ್ಲ, ಮೂಗು ಸೀಟಿಕೊಂಡು, ಕೆಟ್ಟದಾಗಿ ಅತ್ತಳು. ಆಮೇಲೆ ಸೆರಗಲ್ಲಿ ಮುಖ ಒರೆಸಿಕೊಂಡು ಅತ್ತಿಗೆಗೆ ಎಣ್ಣೆ ಕಾಯಿಸಲು ಹೇಳಿದಳು.

"ಬರ್ತೀಯಾ ಹಂಗಾದ್ರೆ?" ಅಂದ ಏಳುಮಲೈ.

"ವರ್ಷದ ಸಿಕ್ಕು ಬಿಡಿಸ್ಬೇಕಲ್ಲ, ಸಂಜೆ ಆಗುತ್ತೆ. ಒಳಗೆ ಬರ್ಬೇಡಿ, ಜಗಲಿ ಮೇಲೆ ಕೂತ್ಕೊಳ್ಳಿ. ಎಳೆದಿದ್ದು ಬೀದೀಲಿ. ಕೇಳಿದೋರಿಗೆಲ್ಲ ಯಾಕೆ ಕೂತಿದ್ದೀನಿ ಅಂತ ಹೇಳಿ."

ಅವನು ಕೂತ. ಮರುದಂಪಾಕ್ಕದಲ್ಲಿ ಕೇಳುವವರಿಗೇನು ಬರವೇ? ಮೇಕೆ ಹೊಡೆದುಕೊಂಡು ಹೋಗುವವನು ಕೇಳಿದ, ಹಾಲಿನವಳು ಕೇಳಿದಳು, ಮೇಳದ ಭೀಷ್ಮ ಕೇಳಿ ತಲೆ ತಗ್ಗಿಸಿಕೊಂಡು ಹೋದ. ಪುಲವರ್ ಗೊತ್ತಿದ್ದೂ ನಿಂತು, "ಏನಪ್ಪಾ ಏಳುಮಲೈ, ಇಲ್ಲಿ?" ಅಂದರು.

"ಹೆಂಡ್ತೀನ ಕೂದ್ಲು ಹಿಡಿದು ಬೀದೀಗೆ ಎಳೆದಿದ್ದೆ, ಐಯಾ. ಕರ್ಕೊಂಡು ಹೋಗೋಕೆ ಕಾಯ್ತಿದ್ದೀನಿ."

ಒಳಗೆ ಬಾಚಣಿಗೆ ಹಿಡಿದು ಕೂತ ಅಂಜಲೈ ಪ್ರತಿಯೊಂದು ಉತ್ತರವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮೊದಮೊದಲು ಅವನು "ಎಳೆದಿದ್ದೆ" ಅನ್ನುವ ಮಾತನ್ನು ನುಂಗಿಬಿಡುತ್ತಿದ್ದ. ಬಿಸಿಲು ಇಳಿಯುವಷ್ಟರಲ್ಲಿ ತಡವರಿಸದೆ ಹೇಳತೊಡಗಿದ. ಆಗ ಅವಳು ಕೂದಲನ್ನು ಒಟ್ಟುಮಾಡಿ ಬಿಗಿಯಾಗಿ ಮುಡಿ ಕಟ್ಟಿದಳು.

ಹೊರಗೆ ಬಂದು ಅವನ ಕೈಗೆ ತನ್ನ ಬಟ್ಟೆಯ ಗಂಟು ಕೊಟ್ಟಳು. ಒಳಹಾದಿ ಹಿಡಿದರೆ ಮನೆ ಹತ್ತಿರ, ಆದರೂ ನಲ್ಲಿಯ ಕಟ್ಟೆಯ ಕಡೆಯಿಂದ ಹೊರಟಳು. ನೀರು ಹಿಡಿಯುತ್ತಿದ್ದ ಹೆಂಗಸರು ಕೊಡ ಬಿಟ್ಟು ದಾರಿ ಕೊಟ್ಟರು. ಅವಳನ್ನು ಎಳೆದ ಬೀದಿಯಲ್ಲೇ ಅಂಜಲೈ ಮುಂದೆ ನಡೆದಳು, ಏಳುಮಲೈ ಗಂಟು ಹೊತ್ತುಕೊಂಡು ಹಿಂದೆ ಬಂದ.