ಬಿಡು ಅಂದ್ರ ಬಿಡೂದಲ್ಲ

ಹೋದ ವರ್ಷ ಮುಂಬೈಯ ಭಾಂಡುಪಿನಲ್ಲಿ ಸ್ನೇಹಲ್‌ಳ ಮಾನ ಹೋಗಿತ್ತು. ಸುಮ್ಮನೆ ಹೋಗಿರಲಿಲ್ಲ, ಮೈಕಿನಲ್ಲಿ ಹೋಗಿತ್ತು.

ಬಾಗಿಲು ಮುಚ್ಚಿ ಎಷ್ಟೋ ವರ್ಷವಾದ ಕಾರ್ಖಾನೆಯೊಂದರ ಉದ್ದನೆಯ ಕಾಂಕ್ರೀಟ್ ಅಂಗಳದಲ್ಲಿ ಮೋಟರ್ ಕ್ಲಬ್ಬಿನವರು ರೇಸ್ ಇಟ್ಟಿದ್ದರು. ಈ ರೇಸಿನಲ್ಲಿ ತಿರುವಿಲ್ಲ, ಸುತ್ತಿಲ್ಲ. ಎರಡು ಗಾಡಿ ಅಕ್ಕಪಕ್ಕ ನಿಲ್ಲಬೇಕು, ಬಾವುಟ ಬಿದ್ದ ಕೂಡಲೇ ಹೊರಡಬೇಕು, ಆ ಕಡೆ ಬಳಿದ ಬಿಳಿ ಗೆರೆಯನ್ನು ಮೊದಲು ದಾಟಿದವರು ಗೆದ್ದರು. ಹೊರಡುವಾಗ ಎಡವಿದರೆ ಮುಗಿಯಿತು, ಸುಧಾರಿಸಿಕೊಳ್ಳಲು ಮುಂದೆ ರಸ್ತೆಯೇ ಇರುವುದಿಲ್ಲ. ಬಾವುಟ ಬಿತ್ತು. ಪಕ್ಕದ ಗಾಡಿ ಹೋಯಿತು. ಸ್ನೇಹಲ್‌ಳ ಗಾಡಿ ಒಂದು ಸಲ ಬಿಕ್ಕಳಿಸಿ ಅಲ್ಲೇ ಬಂದ್ ಬಿತ್ತು. "ಮೇಡಮ್, ಧಕ್ಕಾ ದೂಂ ಕ್ಯಾ?" ಎಂದು ಮೈಕಿನವನು ಕೇಳಿದ, ಹಿಂದಿನಿಂದ ತಳ್ಳಲೇನು ಅಂತ. ಅಂಗಳಕ್ಕೆ ಅಂಗಳವೇ ನಕ್ಕಿತು.

ಗಾಡಿ ಅವಳದಲ್ಲ. ಬೈಕುಲ್ಲಾದಲ್ಲಿ ಗ್ಯಾರೇಜ್ ಇಟ್ಟಿರುವ ಶ್ರೀಮಂತ ಕಾಕಾನದು. ವಿಜಯಪುರದ ಕಡೆಯ ಮನುಷ್ಯ, ಹೆಸರು ಶ್ರೀಮಂತ, ಅಂಗಿ ಮಾತ್ರ ಯಾವಾಗಲೂ ಆಯಿಲ್ ಕಲೆಯದು. ಸ್ನೇಹಲ್ ಅವನ ಹತ್ತಿರವೇ ಕೆಲಸ ಮಾಡುತ್ತಾಳೆ. ಹಳೆಯ ಸಣ್ಣ ಕೆಂಪು ಕಾರೊಂದರ ಇಂಜಿನ್ನನ್ನು ಇಬ್ಬರೂ ಸೇರಿ ಬಿಚ್ಚಿ, ತೊಳೆದು, ಜೋಡಿಸಿ ರೇಸಿಗೆ ತಯಾರು ಮಾಡಿದ್ದರು. ಜೋಡಿಸಿದವಳೇ ಓಡಿಸಲಿ ಅಂತ ಕಾಕಾನೇ ಅವಳನ್ನು ಸೀಟಿಗೆ ಕೂಡಿಸಿದ್ದ. ಈ ವರ್ಷ ಮಾತ್ರ ಖಡಾಖಂಡಿತ ಹೇಳಿಬಿಟ್ಟ.

"ನೋಡವಾ ತಂಗಿ, ನನಗೂ ನಾಕ ಮಂದ್ಯಾಗ ಮಾರಿ ಐತಿ. ಈ ಸಲಾನೂ ಹೊರಡೂ ಲೈನಿನ ಮ್ಯಾಲೇ ಸೋತಿ ಅಂದ್ರ ಮುಂದ ಸೀಟ್ ಅನಿಕೇತ್‌ಗ."

ಅನಿಕೇತ್ ಅವನ ತಂಗಿಯ ಮಗ. ಹುಡುಗ ಕೆಟ್ಟವನಲ್ಲ, ಅದೇ ಹೊಟ್ಟೆ ಉರಿ. ಕೆಟ್ಟವನಾಗಿದ್ದರೆ ಬೈಯಲಿಕ್ಕಾದರೂ ಬರುತ್ತಿತ್ತು.

ಇನ್ನು ಸ್ನೇಹಲ್‌ಳಿಗೆ ಕಲಿಸುವವನು ಯಾರು ಅಂದರೆ ಅವಳಪ್ಪ ಭೀಮರಾಯ. ಕಂಪನಿಯೊಂದರ ಸ್ಟಾಫ್ ಬಸ್ಸಿನ ಡ್ರೈವರ್. ರೇಸಿನ ಗಾಡಿಯಲ್ಲಿ ಜೀವಮಾನದಲ್ಲೇ ಕೂತವನಲ್ಲ, ಆದರೆ ಗುರು ಆಗಲು ಅದೆಲ್ಲ ಬೇಕೇನು? ಪ್ರತಿ ಭಾನುವಾರ ಮುಂಜಾನೆ ಕ್ಲಬ್ಬಿನವರು ಪ್ರಾಕ್ಟೀಸಿಗೆ ಅಂಗಳ ತೆರೆದಾಗ ಇಬ್ಬರೂ ಆಂಟಾಪ್ ಹಿಲ್‌ನ ಮನೆಯಿಂದ ಹೊರಟು ಬರುತ್ತಿದ್ದರು, ಗಾಡಿಯನ್ನು ಕಾಕಾ ಟ್ರೇಲರಿನ ಮೇಲೆ ತಂದಿಳಿಸುತ್ತಿದ್ದ. ಮಗಳು ಸ್ಟೇರಿಂಗ್ ಹಿಡಿದು ಕೂಡುತ್ತಿದ್ದಳು, ಅಪ್ಪ ಹಗ್ಗದಾಚೆ ನಿಂತು ಕೂಗುತ್ತಿದ್ದ.

"ಬಿಡವಾ, ಕ್ಲಚ್ ಬಿಡು."

ಸ್ನೇಹಲ್ ಬಿಡುತ್ತಿದ್ದಳು. ಗಾಡಿ ಬಂದ್ ಬೀಳುತ್ತಿತ್ತು.

"ಗ್ಯಾಸ್ ಕಡಿಮಿ ಆತು, ಬಲಗಾಲು ಒತ್ತು, ಜಾಸ್ತಿ ಕೊಡು. ಹಾಂ, ಈಗ ಬಿಡು."

ಜಾಸ್ತಿ ಕೊಟ್ಟು ಬಿಡುತ್ತಿದ್ದಳು. ಆಗ ಗಾಲಿ ನಿಂತಲ್ಲೇ ಗಿರಗಿರ ತಿರುಗಿ ಹೊಗೆ ಏಳುತ್ತಿತ್ತೇ ಹೊರತು ಗಾಡಿ ಮುಂದೆ ಹೋಗುತ್ತಿರಲಿಲ್ಲ. ಭೀಮರಾಯ ತಲೆ ಚಚ್ಚಿಕೊಳ್ಳುತ್ತಿದ್ದ. "ಬಿಡು ಅಂದ್ರ ಹಿಂಗೇನು ಬಿಡೂದು?" ಅನ್ನುತ್ತಿದ್ದ. "ಛೋಡಾ ತೋ, ಬಿಟ್ಟೆನಲ್ಲ ಅಪ್ಪಾ. ಇನ್ನ ಎಷ್ಟ್ ಛೋಡು?" ಅಂತ ಇವಳು ರೇಗುತ್ತಿದ್ದಳು. ಇಡೀ ಮುಂಬೈಯ ಟ್ರಾಫಿಕ್ಕಿನಲ್ಲಿ ಗಿರಾಕಿಗಳ ಗಾಡಿಯನ್ನು ಬೆಣ್ಣೆಯಂತೆ ಓಡಿಸುವ ಹುಡುಗಿ ಇಲ್ಲಿ ಬಂದರೆ ಹೊಸದಾಗಿ ಕಲಿಯುವವಳಂತೆ ಆಗುತ್ತಿದ್ದಳು. ರೇಸ್ ಅಂದರೆ ಹೀಗೇ ಇರಬೇಕು, ಕಾಲು ಒಮ್ಮೆಲೇ ಕಿತ್ತುಬಿಡಬೇಕು, ಮೊಬೈಲಿನ ವಿಡಿಯೋಗಳಲ್ಲೂ ಹಾಗೇ ಕಾಣುತ್ತದೆ ಅಂತ ಅವಳ ತಲೆಯಲ್ಲಿ ಕೂತಿತ್ತು. ಅದಕ್ಕೆ ಸರಿಯಾಗಿ ಅಪ್ಪನೂ ಬಿಡು ಬಿಡು ಅನ್ನುತ್ತಿದ್ದ. ಹೀಗೆ ವರ್ಷವೇ ಕಳೆಯಿತು. ಗುರು ಶಿಷ್ಯೆ ಇಬ್ಬರೂ ಮಾರಿ ಉಬ್ಬಿಸಿಕೊಂಡು ಲೋಕಲ್ ರೈಲು ಹತ್ತಿ ಮನೆಗೆ ಬರುವುದೇ ಆಯಿತು.

ರೇಸಿನ ಹಿಂದಿನ ದಿನ ಮುಂಜಾನೆ ಅವ್ವ ಮಹಾದೇವಿ ದ್ವಾಸಿ ಹಾಕುತ್ತಿದ್ದಳು. ಭೀಮರಾಯ ತಾಟಿನ ಮುಂದೆ ಕೂತಿದ್ದ. ಸ್ನೇಹಲ್‌ಳಿಗೆ ಹಸಿವೇ ಇರಲಿಲ್ಲ. ಸೀಟು ಕೈ ಬಿಟ್ಟು ಹೋಗುತ್ತದೆ ಅನ್ನುವ ಹೆದರಿಕೆ. ಅಳು ಬಂದರೆ ಅತ್ತೇ ಬಿಡೋಣ ಅನ್ನಿಸುತ್ತಿತ್ತು, ಅದೂ ಬರಲಿಲ್ಲ.

"ಸುಮ್ನ ಯಾಕ ನಿಂತಿ," ಅಂದಳು ಮಹಾದೇವಿ. "ಸುತ್ತ ಎಣ್ಣಿ ಬಿಡು."

ಸ್ನೇಹಲ್ ಚಮಚ ತಗೊಂಡು ದ್ವಾಸಿಯ ಅಂಚಿಗೆ ಎಣ್ಣೆ ಬಿಟ್ಟಳು. ಸಣ್ಣಗೆ, ಎಳೆಯಾಗಿ, ಚಮಚವನ್ನು ಸ್ವಲ್ಪ ಸ್ವಲ್ಪವೇ ಬಾಗಿಸುತ್ತ. ಅರ್ಧ ಸುತ್ತು ಬಂದವಳು ಅಲ್ಲೇ ನಿಂತುಬಿಟ್ಟಳು. ಚಮಚ ಗಾಳಿಯಲ್ಲೇ ಉಳಿಯಿತು, ದ್ವಾಸಿ ಸೀದುಹೋಗತೊಡಗಿತು.

"ಅಪ್ಪಾ," ಅಂದಳು, "ನೀ ಕ್ಲಚ್ ಬಿಡು ಅಂತೀಯಲ್ಲ. ಅದು ಎಣ್ಣಿ ಬಿಡು ಅಂದಂಗೇನು?"

ಭೀಮರಾಯನ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು. "ಮತ್ತ? ನೀ ಏನ ತಿಳ್ಕೊಂಡಿ?"

"ಛೋಡ್ ದೇ. ಪೂರಾ."

"ಪೂರಾ ಬಿಡೂದಿದ್ರ ಬಿಟ್ಟಬಿಡು ಅಂತಿದ್ನೆಲ್ಲ, ನಮ್ಮವ್ವಾ. ಬರೇ ಬಿಡು ಅಂದ್ರ ಹಂತಹಂತಕ ಬಿಡೂದು. ಇಷ್ಟೂ ತಿಳೀಲಿಲ್ಲಾ ನಿನಗ?"

"ಮನ್ಯಾಗ ಕನ್ನಡಾ, ಹೊರಗ ಹಿಂದಿ, ಗ್ಯಾರೇಜಿನ್ಯಾಗ ಮರಾಠಿ," ಅಂದಳು ಮಹಾದೇವಿ ಗಂಡನಿಗೆ, ಸೀದ ದ್ವಾಸಿಯನ್ನು ಕೆರೆಯುತ್ತ. "ಒಂದ ವರ್ಷ ಬಿಡು ಬಿಡು ಅಂತ ಒದರಿದ್ಯಲ್ಲ, ಒಂದ ಸಲನಾರ ಹ್ಯಾಂಗ ಬಿಡಬೇಕಂತ ಹೇಳಿದ್ಯಾ?" ಆಮೇಲೆ ಅವಳಿಗೆ ನಗು ಬಂತು. ನಗು ಅಂದರೆ ಗೋಡೆ ಹಿಡಿದುಕೊಂಡು ನಗುವಂಥ ನಗು. ಅಪ್ಪನೂ ಮಗಳೂ ಮೊದಲು ಸಿಟ್ಟಾಗಿ, ಆಮೇಲೆ ಸೇರಿಕೊಂಡು ನಕ್ಕರು. ವರ್ಷದ ಸಿಟ್ಟು ಅಲ್ಲೇ ಇಳಿಯಿತು. ಸ್ನೇಹಲ್‌ಳಿಗೆ ಹಸಿವಾಯಿತು.

ಮರುದಿನ ಭಾಂಡುಪಿನ ಅಂಗಳದಲ್ಲಿ ಜನ ಹೋದ ವರ್ಷಕ್ಕಿಂತ ಜಾಸ್ತಿ. ಮೈಕಿನವನು ಅದೇ ಮಹಾಶಯ. "ಧಕ್ಕಾ ವಾಲೀ ಮೇಡಮ್ ಆ ಗಯೀ" ಅಂತ ಕೂಗಿಯೂ ಬಿಟ್ಟ. ಅವನ ನಾಲಿಗೆಗೆ ಬರೆ ಹಾಕಬೇಕು, ಆದರೆ ಸ್ನೇಹಲ್ ಆ ಕಡೆ ತಿರುಗಿ ಕೂಡ ನೋಡಲಿಲ್ಲ. ಅನಿಕೇತ್ ತನ್ನ ಹೆಲ್ಮೆಟ್ಟನ್ನು ಗೋಡೆಯ ಮೇಲಿಟ್ಟು, ಯಾರೂ ಹೇಳದಿದ್ದರೂ ಬಟ್ಟೆ ತಗೊಂಡು ಕೆಂಪು ಕಾರಿನ ಮುಂದಿನ ಟಯರಿಗೆ ಹತ್ತಿದ್ದ ದೂಳು, ಸಣ್ಣ ಹರಳು ಒರೆಸಿ ಕೊಟ್ಟ. ಈ ಗಾಡಿಯನ್ನು ಎಳೆಯುವುದು ಮುಂದಿನ ಗಾಲಿಗಳೇ. ಹೊರಡುವಾಗ ಭಾರವೆಲ್ಲ ಹಿಂದಕ್ಕೆ ಹೋಗುತ್ತದೆ, ಮುಂದಿನ ಗಾಲಿ ಹಗುರಾಗಿ ಜಾರುತ್ತದೆ. ಹಿಡಿತ ಇದ್ದಷ್ಟೂ ಒಳ್ಳೆಯದು.

ಮೊದಲ ಓಟ. ಸ್ನೇಹಲ್ ಹ್ಯಾಂಡ್‌ಬ್ರೇಕ್ ಎಳೆದು, ಒಂದನೇ ಗೇರು ಹಾಕಿದಳು. ಇಂಜಿನ್ ಹದವಾಗಿ ಗುನುಗುವಷ್ಟು ಗ್ಯಾಸ್ ಕೊಟ್ಟು ಅಲ್ಲೇ ಹಿಡಿದಳು. ಎಡಗಾಲನ್ನು ಮೆಲ್ಲಗೆ ಮೇಲೆತ್ತುತ್ತ ಬಂದಳು. ಒಂದು ಜಾಗದಲ್ಲಿ ಇಂಜಿನ್ನಿನ ದನಿ ದಪ್ಪಗಾಯಿತು, ಗಾಡಿ ಹಗ್ಗ ಜಗ್ಗುವ ಎತ್ತಿನಂತೆ ಮೈ ಬಿಗಿಯಿತು. ಕ್ಲಚ್ ಹಿಡಿಯುವ ಜಾಗ ಅದೇ. ಕಾಲನ್ನು ಅಲ್ಲೇ ನಿಲ್ಲಿಸಿದಳು. ಬಾವುಟ ಬಿತ್ತು. ಹ್ಯಾಂಡ್‌ಬ್ರೇಕ್ ಇಳಿಸಿದಳು, ಎಡಗಾಲು ಎಣ್ಣೆಯ ಎಳೆಯಂತೆ ಬಿಡುತ್ತ ಬಂತು, ಬಲಗಾಲು ಅಷ್ಟಷ್ಟೇ ಒತ್ತುತ್ತ ಹೋಯಿತು. ಗಾಲಿ ಜಾರಲಿಲ್ಲ, ಗಾಡಿ ಬಿಕ್ಕಳಿಸಲಿಲ್ಲ. ಪಕ್ಕದವನು ಎಚ್ಚರಾಗುವುದರೊಳಗೆ ಇವಳು ಅರ್ಧ ಅಂಗಳದಲ್ಲಿದ್ದಳು. ಮೈಕಿನವನಿಗೆ ಹೇಳಲು ಜೋಕು ಸಿಗಲಿಲ್ಲ.

ಹಾಗೇ ಒಬ್ಬೊಬ್ಬರನ್ನೂ ಹಿಂದೆ ಹಾಕುತ್ತ ಕೊನೆಯ ಓಟಕ್ಕೆ ಬಂದಳು. ಎದುರಿಗೆ ಅಕ್ಷಯ್ ಅನ್ನುವವನ ಬಿಳಿ ಗಾಡಿ. ಇವಳ ಗಾಡಿಯ ಎರಡು ಪಟ್ಟು ತಾಕತ್ತು. ಗಾಲಿ ಜಾರದಂತೆ ಕಂಪ್ಯೂಟರೇ ನೋಡಿಕೊಳ್ಳುವ ಬಟನ್ ಬೇರೆ. ಆದರೆ ಅಕ್ಷಯನಿಗೆ ಗೆದ್ದರೆ ಸಾಲದು, ಹೊಗೆಯೂ ಏಳಬೇಕು, ಗೆಳೆಯರು ವಿಡಿಯೋ ಮಾಡಬೇಕು. ಬಟನ್ ಬಂದ್ ಮಾಡಿ ಕೂತಿದ್ದ. ಕುಣಿಯೋಕೆ ಬಾರದವರು ನೆಲ ಡೊಂಕು ಅಂತಾರೆ, ಇವನಿಗೆ ಕುಣಿಯಲಿಕ್ಕೂ ಬರುತ್ತಿತ್ತು, ನೆಲವೂ ನೆಟ್ಟಗಿತ್ತು, ಆದರೂ ಸೊಕ್ಕು ಬಿಡಬೇಕಲ್ಲ.

ಶ್ರೀಮಂತ ಕಾಕಾ ಕಿಟಕಿಗೆ ಬಗ್ಗಿ, ಅವಳ ಬೆಲ್ಟನ್ನು ಒಮ್ಮೆ ಜಗ್ಗಿ ನೋಡಿ ಹಿಂದೆ ಸರಿದ. ಹಗ್ಗದಾಚೆ ಭೀಮರಾಯ ನಿಂತಿದ್ದ. ಇವತ್ತು ಅವನು ಕೂಗಲಿಲ್ಲ. ಎರಡೂ ಕೈಯಿಂದ ಹೆಂಡತಿಯ ಕೈ ಹಿಡಿದುಕೊಂಡಿದ್ದ, ಅದೂ ಮಂದಿಯ ನಡುವೆ.

ಬಾವುಟ ಬಿತ್ತು. ಬಿಳಿ ಗಾಡಿಯಿಂದ ಹೊಗೆ ಎದ್ದಿತು, ಜನ ಹೋ ಎಂದರು. ಆ ಹೊಗೆ ಏಳುವ ಹೊತ್ತಿನಲ್ಲಿ ಕೆಂಪು ಕಾರು ಹೊರಟು ಹೋಗಿತ್ತು. ಎರಡನೇ ಗೇರು. ಹಿಂದಿನಿಂದ ದೊಡ್ಡ ಇಂಜಿನ್ನಿನ ಗರ್ಜನೆ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಕನ್ನಡಿ ತುಂಬ ಬಿಳಿ ಬಣ್ಣವಾಯಿತು. ಮೂರನೇ ಗೇರು. ಅವನ ಬಾನೆಟ್ ಇವಳ ಬಾಗಿಲ ತನಕ ಬಂತು. ಅಷ್ಟರಲ್ಲಿ ಗೆರೆ ಕೆಂಪು ಕಾರಿನ ಗಾಲಿಯಡಿ ಹಾದುಹೋಯಿತು.

ಗೆದ್ದಳು. ನಮ್ಮ ಹುಡುಗಿ ಗೆದ್ದಳು. ಅಂಗಳ ಈ ಸಲ ನಗಲಿಲ್ಲ, ಶಿಳ್ಳೆ ಹಾಕಿತು. ಮೈಕಿನವನೇ ಎದ್ದುನಿಂತು ಅವಳ ಪೂರ್ತಿ ಹೆಸರು ಹೇಳಿದ, ಅಪ್ಪನ ಹೆಸರಿನ ಸಮೇತ. ಭೀಮರಾಯ ಎಲ್ಲರೆದುರು ಕಣ್ಣೊರೆಸಿಕೊಂಡ, ಸಂಕೋಚವೇನೂ ಪಡಲಿಲ್ಲ.

ಗಾಡಿ ನಿಧಾನವಾಗಿ ತಿರುಗಿ ಬಂದು ಟ್ರೇಲರಿನ ಹತ್ತಿರ ನಿಂತಿತು. ಪ್ರತಿ ಸಲ ಓಟ ಮುಗಿದ ಮೇಲೆ ಗಾಡಿಯನ್ನು ಟ್ರೇಲರಿಗೆ ಹತ್ತಿಸುವುದು ಶ್ರೀಮಂತ ಕಾಕಾನೇ. ಅವನು ಬಂದು ರೂಢಿಯಂತೆ ಡ್ರೈವರ್ ಕಡೆಯ ಬಾಗಿಲು ತೆಗೆದು, ಸ್ನೇಹಲ್ ಇಳಿಯಲಿ ಅಂತ ನಿಂತ.

ಸ್ನೇಹಲ್ ಹೆಲ್ಮೆಟ್ ತೆಗೆದಳು. ಇಳಿಯಲಿಲ್ಲ.

"ಕಾಕಾ, ಆ ಕಡೆ ಬಂದು ಕೂಡ್ರಿ," ಅಂದಳು. "ನಾ ಹತ್ತಸ್ತೀನಿ."

ಕಾಕಾ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಗಾಡಿಯ ಮುಂದಿನಿಂದ ಸುತ್ತಿ ಹೋಗಿ, ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ.