ಕಿಟಕಿಗೆ ಮಂಜೂರಾದ ಹಣ

ಮಕ್ಕಳ ಮೈಗೆ ಸೀಸದ ವಿಷ ಸೇರದಂತೆ ತಡೆಯಲು ಸರಕಾರ ಹಣ ಇಟ್ಟಿದೆಯಂತೆ ಎಂದು ಯಾರೋ ಹೇಳಿದರು. ನಾನೂ ನಂಬಿ, ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಆ ಕಚೇರಿಗೆ ಹೋದೆ. ನನ್ನ ಬುದ್ಧಿಗಿಷ್ಟು.

ಪುಟ್ಟಿ ಆಗತಾನೇ ಮಾತು ಕಲಿಯುತ್ತಿದ್ದಳು. ಹಲ್ಲು ಬರುವ ವಯಸ್ಸು. ಕೆಲಸಕ್ಕೆ ಹೋದ ನನ್ನ ಮಗಳ ದಾರಿ ಕಾಯುತ್ತಾ ಕಿಟಕಿಯ ಬಳಿ ನಿಂತು ಅದರ ಚೌಕಟ್ಟನ್ನೇ ಕಚ್ಚುತ್ತಿದ್ದಳು. ಓಬೀರಾಯನ ಕಾಲದ ಬಣ್ಣ, ಸೀಸ ಬೆರೆಸಿದ್ದು, ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಬಟ್ಟೆ ಹೊದಿಸಿ ಮೊಳೆ ಹೊಡೆದೆ, ಕಿತ್ತು ಹಾಕಿದಳು. ಬಾಡಿಗೆ ಮನೆ. ಮಾಲೀಕನಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ಕಚೇರಿಯ ಸಾಹೇಬರು ತಲೆಗೂದಲಿಗೆಲ್ಲ ಕಪ್ಪು ಬಳಿದುಕೊಂಡು ಕೂತಿದ್ದರು. ನೋಡಿದ್ದೇ ತಡ, ಪುಟ್ಟಿ "ತಾತ" ಅಂದಳು. ಅವರ ಮುಖ ಹುಳ್ಳಗಾಯಿತು.

"ತಾತ ಅಲ್ಲ ಮರಿ, ಅಂಕಲ್," ಎಂದು ತಿದ್ದಿ, ನಾನು ತಂದಿದ್ದ ಪುಟ್ಟಿಯ ರಕ್ತಪರೀಕ್ಷೆಯ ಚೀಟಿ ನೋಡಿದರು. "ಸೀಸ ಇದೆ. ಆದ್ರೆ ಇಷ್ಟು ಸಾಲದಮ್ಮ. ನಮ್ಮ ಮಿತಿ ದಾಟಿದ್ರೆ ಮಾತ್ರ ಕಿಟಕಿ ಬದಲಿಸೋಕೆ ದುಡ್ಡು."

"ಇದು ವಿಷ ತಡೆಯೋ ದುಡ್ಡಲ್ವಾ ಸ್ವಾಮಿ?"

"ಹೌದು. ಆದ್ರೆ ತಡೀಬೇಕು ಅಂದ್ರೆ ಮೊದಲು ವಿಷ ಏರಿರ್ಬೇಕಲ್ಲ?"

ಈ ಮಾತನ್ನು ಅವರು ನಗದೆ ಹೇಳಿದರು. ಅಷ್ಟು ಓದಿ, ಅಷ್ಟು ದೊಡ್ಡ ಕುರ್ಚಿಯಲ್ಲಿ ಕೂತು, ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದನ್ನೇ ಒಂದು ಯೋಜನೆ ಮಾಡಿಕೊಂಡಿದ್ದರು. ಕೆಲವು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಎಂದರು, ಕಾಯಿ ಹಣ್ಣಾಗಲಿ ಎಂದು ಕಾಯುವವರ ಹಾಗೆ.

ಚಳಿಗಾಲ ಮುಗಿಯುವ ಹೊತ್ತಿಗೆ ಹಣ್ಣಾಯಿತು. ಅವರೇ ಫೋನ್ ಮಾಡಿದರು.

"ಅಮ್ಮಾ, ಒಳ್ಳೆ ಸುದ್ದಿ. ಈ ಸಲ ನಿಮ್ಮ ಮೊಮ್ಮಗಳು ಪಾಸು."

ಫೋನನ್ನು ನೆಲಕ್ಕೆ ಕುಕ್ಕಬೇಕು ಅನ್ನಿಸಿತು. ಕುಕ್ಕಲಿಲ್ಲ, ಕಿಟಕಿ ಬೇಕಿತ್ತಲ್ಲ.

ಕೆಲಸದವರು ಬಂದು ಹಳೆಯ ಚೌಕಟ್ಟು ಕಿತ್ತು ಹೊಸದು ಕೂರಿಸಿದರು. ಅವರು ಪೊರಕೆ ಕೆಳಗಿಡುವ ಮೊದಲೇ ಕ್ಯಾಮರಾದವನನ್ನು ಜೊತೆಗೆ ಕಟ್ಟಿಕೊಂಡು ಸಾಹೇಬರ ಸವಾರಿ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಶೂರರು, ವಿಡಿಯೋ ಬೇಡವೇ? ಪುಟ್ಟಿಯನ್ನು ಎತ್ತಿಕೊಂಡು ಕಿಟಕಿಯ ಮುಂದೆ ನಿಂತರು.

"ನಾನು ಯಾರು ಹೇಳು ಮರಿ? ತಾತ ಅನ್ನು."

ಕ್ಯಾಮರಾ ಇದ್ದರೆ ತಾತನಾಗುವುದಕ್ಕೆ ಅಡ್ಡಿಯಿಲ್ಲ ಅಂತಾಯಿತು. ಪುಟ್ಟಿ ಅವರ ಬಾಯನ್ನೇ ನೋಡಿದಳು.

"ಅನ್ನು, ತಾ-ತ. ಅವತ್ತು ಅಂದಿದ್ಯಲ್ಲ?"

ಅವಳು ಸುಮ್ಮನಿದ್ದಳು. ಸಾಹೇಬರು ಕ್ಯಾಮರಾದವನಿಗೆ, "ಸಂಕೋಚ ಮಗೂಗೆ. ಇನ್ನೊಂದ್ಸಲ ತೆಗಿ," ಎಂದರು.

ನಾನು ಮಗುವನ್ನು ಅವರ ಕೈಯಿಂದ ಕಿತ್ತುಕೊಂಡೆ.

"ಎಷ್ಟು ಸಲ ತೆಗೆದ್ರೂ ಅಷ್ಟೆ. ಅವಳಿಗೆ ಬರ್ತಿದ್ದಿದ್ದೇ ಅಮ್ಮ, ತಾತ ಅನ್ನೋ ಮಾತು. ನೀವು ಮಿತಿ ದಾಟಲಿ ಅಂತ ಕಾಯ್ತಿದ್ರಲ್ಲ, ಆಗ ಆ ವಿಷಕ್ಕೆ ಅದೂ ಹೋಯ್ತು. ಈಗ ಅವರಮ್ಮ ಬಂದ್ರೂ ಕರೆಯಲ್ಲ."

ಸಾಹೇಬರು ಕ್ಯಾಮರಾದವನ ಕಡೆ ತಿರುಗಿ, "ಹಾಗಿದ್ರೆ ಮಾತು ಬೇಡ, ಬರೀ ಫೋಟೊ ಸಾಕು," ಎಂದರು.