ಸೇತುವೆ ಶಾಸ್ತ್ರ

ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಎಲ್ಲರೂ ಅವಳನ್ನು ಬಾಲ ಎಂದೇ ಕರೆಯುತ್ತಿದ್ದರು. ಅಕ್ಕ ಎಲ್ಲಿಗೆ ಹೊರಟರೂ ಹಿಂದೆಯೇ ಹೊರಡುವವಳಿಗೆ ಇನ್ನೇನು ಹೆಸರಿಡುತ್ತಾರೆ? ಅಕ್ಕ ಗೈಡ್ಸ್ ಸೇರಿದಾಗ ಬಾಲ ಮುಖ ಊದಿಸಿಕೊಂಡು ಕೂತು, ಅನ್ನ ಬಿಟ್ಟು, ಕೊನೆಗೂ ಚಿಕ್ಕ ದಳಕ್ಕೆ ಸೇರಿಯೇಬಿಟ್ಟಿದ್ದಳು. ಈಗ ದೊಡ್ಡ ದಳಕ್ಕೆ ಹೋಗುವ ವಯಸ್ಸಾಗಿತ್ತು. ಅಲ್ಲಿ ಅಕ್ಕ ಇದ್ದಳು. ಅಕ್ಕ ಒಬ್ಬಳೇ ಇದ್ದಳು ಎನ್ನುವುದೇ ಸರಿ. ಉಳಿದವರೆಲ್ಲ ಓದು ಮುಗಿಸಿ ಬಿಟ್ಟುಹೋಗಿದ್ದರು. ಅಕ್ಕನೇ ದಳ, ಅಕ್ಕನೇ ನಾಯಕಿ. ಪ್ರತಿ ಭಾನುವಾರ ಸಾಲಾಗಿ ನಿಲ್ಲಿ ಎಂದು ಗಟ್ಟಿಯಾಗಿ ಕೂಗಿ, ಆಮೇಲೆ ಓಡಿಹೋಗಿ ತಾನೇ ಸಾಲಾಗಿ ನಿಲ್ಲುತ್ತಿದ್ದಳು.

ಚಿಕ್ಕ ದಳದಿಂದ ದೊಡ್ಡದಕ್ಕೆ ಹೋಗುವವಳು ಸೇತುವೆ ದಾಟಬೇಕು. ಸಭಾಭವನದ ನಡುವೆ ಇಡುವ ಮರದ ಸೇತುವೆ ಅದು; ಮಾಡಿಕೊಟ್ಟವನು ಬಾಲದ ಅಪ್ಪ, ಬಡಗಿ. ಕೆಳಗೆ ನೀರಿನ ಬದಲು ನೀಲಿ ಬಟ್ಟೆ. ಒಮ್ಮೆ ಹತ್ತಿದವಳು ಹಿಂದಕ್ಕೆ ಬರುವಂತಿಲ್ಲ, ಯಾಕೆಂದರೆ ಚಿಕ್ಕವರು ಆಗಲೇ ಬೀಳ್ಕೊಡುವ ಹಾಡು ಹಾಡಿಬಿಟ್ಟಿರುತ್ತಾರೆ. ಆಚೆ ತುದಿಯಲ್ಲಿ ದೊಡ್ಡ ದಳದವಳು ನಿಂತು "ನೀನು ಯಾರು?" ಎಂದು ಕೇಳಬೇಕು, ಬಂದವಳು ತನ್ನ ಹೆಸರು ಹೇಳಬೇಕು, ಆಗ ದೊಡ್ಡ ದಳದವಳು ಗೈಡ್ಸ್ ಪದ್ಧತಿಯಂತೆ ಎಡಗೈ ಚಾಚಿ ಅವಳನ್ನು ಇಳಿಸಿಕೊಳ್ಳಬೇಕು. ಆ ಕೈ ಸಿಗದೆ ಇಳಿಯುವಂತಿಲ್ಲ.

ಬಾಲ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಸೇತುವೆ ಹತ್ತಿದಳು. ತುದಿ ತಲುಪಿದಾಗ ಅಕ್ಕನ ಎಡಗೈ ಆಗಲೇ ಅರ್ಧ ಮುಂದೆ ಬಂದಿತ್ತು.

"ನೀನು ಯಾರು?"

"ನಿನ್ನ ತಂಗಿ ಕಣೇ," ಅಂದಳು ಬಾಲ. ಹುಟ್ಟಿದಾಗಿನಿಂದ ಯಾರು ಕೇಳಿದರೂ ಅವಳು ಹೇಳುತ್ತಿದ್ದ ಉತ್ತರ ಅದೊಂದೇ.

ಚಿಕ್ಕವರು ಕಿಸಕ್ಕನೆ ನಕ್ಕರು. ಅಕ್ಕನ ಕೈ ಮೆಲ್ಲಗೆ ಹಿಂದಕ್ಕೆ ಹೋಗಿ ಬೆನ್ನ ಹಿಂದೆ ಸೇರಿಕೊಂಡಿತು.

"ಇಲ್ಲಿ ನನಗೆ ತಂಗಿ ಇಲ್ಲ."

ಎರಡೂ ದಳಗಳನ್ನು ನೋಡಿಕೊಳ್ಳುವ ಕ್ಯಾಪ್ಟನ್ ಮೇಡಂ ಓಡಿಬಂದರು. ವಾರವೆಲ್ಲ ಔಷಧಿ ಅಂಗಡಿ ನಡೆಸುವ ಅವರು ಡಾಕ್ಟರ ಚೀಟಿ ಇಲ್ಲದೆ ಕೆಮ್ಮಿನ ಔಷಧಿಯನ್ನೂ ಕೊಟ್ಟವರಲ್ಲ.

"ಇನ್ನೊಂದ್ಸಲ ಕೇಳಮ್ಮ, ಪಾಪ, ಬಾಯಿ ತಪ್ಪಿ ಹೇಳಿದ್ದಾಳೆ."

"ಇನ್ನೊಂದ್ಸಲ ಕೇಳೋದು ಬಿಡೋದು ಕೈ ಚಾಚೋಳಿಗೆ ಸೇರಿದ್ದು ಅಂತ ನೀವೇ ಹೇಳ್ಕೊಟ್ಟಿದ್ರಿ ಮೇಡಂ. ನಾನು ಕೇಳಲ್ಲ."

ಹೇಳಿಕೊಟ್ಟದ್ದು ನಿಜವಾಗಿತ್ತು. ಕ್ಯಾಪ್ಟನ್ ಸೀಟಿ ಊದಿ ಚಿಕ್ಕವರನ್ನು ಮನೆಗೆ ಕಳಿಸಿ, ಕುರ್ಚಿ ಎಳೆದುಕೊಂಡು ಕೂತರು. ಅಪ್ಪನನ್ನು ಕರೆಸಿದ್ದಾಯಿತು. ಅವನು ಮಗಳನ್ನು ನೋಡುವ ಮೊದಲು ಬಗ್ಗಿ ಸೇತುವೆಯ ಕಾಲುಗಳನ್ನು ಅಲ್ಲಾಡಿಸಿ ನೋಡಿದ. "ಎಷ್ಟು ದಿನ ಬೇಕಾದ್ರೂ ನಿಂತ್ಕೊಳ್ಳಲಿ, ಏನೂ ಆಗಲ್ಲ" ಎಂದು ಹೇಳಿ, ತೃಪ್ತಿಯಿಂದ ಹೊರಟುಹೋದ.

ಮಧ್ಯಾಹ್ನ ಆ ಜಾಗ ದರ್ಜಿಗಳ ಸಂಘದ ಸಭೆಗೆ ಮೊದಲೇ ಗೊತ್ತುಮಾಡಲಾಗಿತ್ತು. ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡು ಬಂದ ದರ್ಜಿಗಳಲ್ಲಿ ಅಮ್ಮನೂ ಇದ್ದಳು.

"ಇದೇನೇ ಇದು? ಇಳಿದು ಬಂದು ಊಟ ಮಾಡು."

"ಇಳಿಯೋ ಹಾಗಿಲ್ಲಮ್ಮ."

"ಸರಿ, ಅಲ್ಲೇ ತಿನ್ನು."

ಅಮ್ಮನ ಕೈ ತಗಲಿದರೆ ಇಳಿಸಿಕೊಂಡ ಹಾಗಾಗುತ್ತದೋ ಏನೋ ಎಂದು ಕ್ಯಾಪ್ಟನ್‌ಗೆ ಅನುಮಾನ ಬಂದು, ಬುತ್ತಿ ಡಬ್ಬಿಯನ್ನು ಜೇಡರ ಬಲೆ ತೆಗೆಯುವ ಕೋಲಿಗೆ ಸಿಕ್ಕಿಸಿ ಮೇಲೆ ಕಳಿಸಲಾಯಿತು. ದರ್ಜಿಗಳು ಸೇತುವೆಯ ಎರಡೂ ಬದಿಗೆ ಕೂತು ಸಭೆ ನಡೆಸಿದರು. ಗುಂಡಿಯ ಕಾಜಾ ಹೊಲಿಯುವ ಕೂಲಿ ಏರಿಸಬೇಕೆ ಬೇಡವೆ ಎಂಬುದಕ್ಕೆ ಕೈ ಎತ್ತುವ ಹೊತ್ತಿಗೆ ಬಾಲ ತಲೆ ಕೆರೆದುಕೊಂಡಳು. ಅವಳ ಆ ಒಂದು ಕೈಯಿಂದ ಕೂಲಿ ಏರಿತು. ಅಧ್ಯಕ್ಷರು ಸೇತುವೆಯ ಕಡೆಗೆ ತಿರುಗಿ ವಂದನೆ ಹೇಳಿದರು.

ಬಾಲಕ್ಕೆ ಇದ್ಯಾವುದೂ ಬೇಕಿರಲಿಲ್ಲ. ಕೋಲಿನಲ್ಲಿ ಬಂದ ಡಬ್ಬಿಯ ಮುಚ್ಚಳವನ್ನೂ ಅವಳು ತೆಗೆದಿರಲಿಲ್ಲ. ಅಕ್ಕನ ಕೈ ಒಂದು ಸಿಕ್ಕರೆ ಸಾಕಿತ್ತು. ಆ ಅಕ್ಕನೂ ಅಲ್ಲೇ ನಿಂತಿದ್ದಳು, ಯಾಕೆಂದರೆ ಸೇತುವೆಯ ಮೇಲೆ ಯಾರಾದರೂ ಇರುವವರೆಗೆ ದೊಡ್ಡ ದಳ ಕದಲುವಂತಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡದಿರಲು ಬಹಳ ಕಷ್ಟಪಟ್ಟರು.

ಸಂಜೆ ದರ್ಜಿಗಳು ಹೋದರು. ಹಿಂದಿನ ಕಿಟಕಿಯಿಂದ ಚಳಿಗಾಳಿ ಬೀಸಿತು. ಬಾಲ ಸೀನಿದಳು, ಮತ್ತೆ ಸೀನಿದಳು. ಅಕ್ಕ ಗೊಣಗುತ್ತ ಸ್ವೆಟರು ಬಿಚ್ಚಿ, ಸರಸರನೆ ಸೇತುವೆ ಹತ್ತಿ, ಅದನ್ನು ತಂಗಿಯ ತಲೆಯ ಮೇಲಿಂದ ತೊಡಿಸಿ, ಗಾಳಿಗೆ ಅಡ್ಡವಾಗಿ ಅವಳ ಹಿಂದೆ ಹೋಗಿ ಕೂತಳು. ಅಕ್ಕ ಬಾಲದ ಹಿಂದೆ ಕೂತದ್ದು ಅದೇ ಮೊದಲು.

"ಏನು ಮಾಡ್ದೆ ಮಹಾರಾಯ್ತಿ," ಅಂದರು ಕ್ಯಾಪ್ಟನ್. "ನೀನೂ ಹತ್ತಿಬಿಟ್ಯಲ್ಲ. ಈಗ ದೊಡ್ಡ ದಳಾನೇ ಖಾಲಿ."

ಅಕ್ಕ ಮುಂದಿದ್ದ ತಂಗಿಯ ಬೆನ್ನಿಗೇ ಹೇಳಿದಳು. "ಮನೇಲಿ ಒಂದೇ ಹಾಸಿಗೆ, ಒಂದೇ ಕನ್ನಡಿ. ಬೀದಿಗೆ ಹೋದ್ರೆ ಬಾಲದ ಅಕ್ಕ ಬಂದ್ಲು ಅಂತಾರೆ. ನಾನು ಯಾರ ಅಕ್ಕಾನೂ ಅಲ್ಲದೆ ಇರೋದು ಇಲ್ಲೊಂದೇ ಕಡೆ ಕಣೇ."

ತಾನು ಹಿಂದೆ ಬರುವುದು ಅಕ್ಕನಿಗೂ ಖುಷಿ ಎಂದೇ ಬಾಲ ಇಷ್ಟು ವರ್ಷ ನಂಬಿದ್ದಳು.

ಅಷ್ಟರಲ್ಲಿ ಕ್ಯಾಪ್ಟನ್ ಹಣೆ ಚಚ್ಚಿಕೊಂಡರು. "ಅಲ್ಲ, ದಳ ಶುರುವಾದಾಗ ಮೊದಲ್ನೇ ಹುಡುಗಿಗೆ ಯಾರು ಕೈ ಚಾಚಿದ್ರು? ಯಾರೂ ಇರ್ಲಿಲ್ಲ. ಅವಳೇ ಹಾರಿದ್ಲು. ದಳ ಖಾಲಿ ಇದ್ರೆ ತುದೀಲಿರೋಳು ಹಾರ್ಬಹುದು."

ತುದಿಯಲ್ಲಿದ್ದವಳು ಬಾಲ. ಮೊಣಕಾಲಿನವರೆಗೆ ಇಳಿಬಿದ್ದ ಸ್ವೆಟರಿನಲ್ಲೇ ಅವಳು ಧೊಪ್ಪೆಂದು ಹಾರಿದಳು. ಕ್ಯಾಪ್ಟನ್ ಸೆಲ್ಯೂಟ್ ಹೊಡೆದು, ಇವತ್ತಿನಿಂದ ಅವಳೇ ದೊಡ್ಡ ದಳದ ಹಿರಿಯಳು, ಅವಳೇ ನಾಯಕಿ ಎಂದು ಸಾರಿದರು. ನಾಯಕಿಯ ಮೊದಲ ಕೆಲಸ ಸೇತುವೆಯ ಮೇಲಿದ್ದವಳನ್ನು ಇಳಿಸಿಕೊಳ್ಳುವುದು.

ಬಾಲ ತಿರುಗಿ ಎಡಗೈ ಮುಂದೆ ತಂದಳು. "ನೀನು ಯಾರು?"

"ನಿನ್ನ ಅಕ್ಕ ಕಣೇ," ಅಂದುಬಿಟ್ಟಳು ಅಕ್ಕ.

ಕ್ಯಾಪ್ಟನ್ ಕಣ್ಣು ಮುಚ್ಚಿಕೊಂಡರು. ಬೆಳಗಿನಿಂದ ಬಾಲ ಕಾಯುತ್ತಿದ್ದುದು ಆ ಒಂದು ಮಾತಿಗಾಗಿ. ಈಗ ಅದು ಸಿಕ್ಕಿತ್ತು. ಅವಳು ಕೈ ಹಿಂದಕ್ಕೆ ತೆಗೆದು ಬೆನ್ನ ಹಿಂದೆ ಇಟ್ಟುಕೊಂಡಳು.

"ಇಲ್ಲಿ ನನಗೆ ಅಕ್ಕ ಇಲ್ಲ," ಅಂದಳು. "ನೀನು ಯಾರು?"

ಅಕ್ಕ ತುದಿಗೆ ಬಂದು ನಿಂತು, ಬೆನ್ನು ನೆಟ್ಟಗೆ ಮಾಡಿ ತನ್ನ ಹೆಸರು ಹೇಳಿದಳು.

ಬಾಲ ಅವಳನ್ನು ಆ ಹೆಸರಿನಿಂದ ಒಮ್ಮೆಯೂ ಕರೆದವಳಲ್ಲ. ಮೊದಲು ಮನಸ್ಸಿನಲ್ಲೇ ಹೇಳಿ ನೋಡಿದಳು. ನಂತರ ಅದೇ ಹೆಸರು ಹಿಡಿದು "ಬಾ" ಎಂದು ಕರೆದು, ಎಡಗೈ ಚಾಚಿದಳು.